ಒಂದೇ ಯಂತ್ರ, ಹಲವು ಮಾರುಕಟ್ಟೆ: ವಿತರಣಾ ಒಪ್ಪಂದ ಕಲಿಸುವ ಪಾಠ

ಸರಕು ಉತ್ತಮವಾಗಿದ್ದರೆ ಮಾರುಕಟ್ಟೆ ತಾನಾಗಿಯೇ ಒಲಿಯುತ್ತದೆ ಎಂಬುದು ಅನೇಕ ಉದ್ಯಮಿಗಳ ನಂಬಿಕೆ. ಜಪಾನಿನ ಸೆಗಾ ಸಂಸ್ಥೆಯ ‘ಮಾಸ್ಟರ್ ಸಿಸ್ಟಂ’ ಎಂಬ ವಿಡಿಯೊ ಗೇಮ್ ಯಂತ್ರದ ಇತಿಹಾಸವು ಈ ನಂಬಿಕೆಯನ್ನು ಒರೆಗೆ ಹಚ್ಚುತ್ತದೆ. ಟಿ.ವಿ.ಗೆ ಜೋಡಿಸಿ ಆಡುವ, 8 ಬಿಟ್ ಸಾಮರ್ಥ್ಯದ ಈ ಯಂತ್ರವು 1985ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ‘ಮಾರ್ಕ್ 3’ ಎಂಬ ಹೆಸರಿನಿಂದಲೂ, ಮರುವರ್ಷ ಅಮೆರಿಕದಲ್ಲಿ ‘ಮಾಸ್ಟರ್ ಸಿಸ್ಟಂ’ ಎಂಬ ಹೊಸ ಹೆಸರಿನಿಂದಲೂ ಬಿಡುಗಡೆಯಾಯಿತು. ಒಳಗಿನ ತಂತ್ರಜ್ಞಾನ ಎಲ್ಲೆಡೆ ಬಹುಮಟ್ಟಿಗೆ ಒಂದೇ ಆಗಿತ್ತು. ಆದರೂ ಅದು ಅಮೆರಿಕದಲ್ಲಿ ಸೋತಿತು, ಯುರೋಪಿನಲ್ಲಿ ಎಡವಿ ಎದ್ದಿತು, ಬ್ರೆಜಿಲ್‌ನಲ್ಲಿ ಮನೆಮಾತಾಯಿತು. ಈ ವ್ಯತ್ಯಾಸಕ್ಕೆ ಕಾರಣವನ್ನು ಯಂತ್ರದೊಳಗಲ್ಲ, ವಿತರಣೆಯ ವ್ಯವಸ್ಥೆಯಲ್ಲಿ ಹುಡುಕಬೇಕಾಗುತ್ತದೆ.

ಅಮೆರಿಕ: ತಡವಾದ ಪ್ರವೇಶ

ಸೆಗಾ ಅಮೆರಿಕಕ್ಕೆ ಕಾಲಿಡುವ ಹೊತ್ತಿಗೆ ನಿಂಟೆಂಡೊ ಅಲ್ಲಿ ತನ್ನ ಹಿಡಿತ ಬಿಗಿಗೊಳಿಸುತ್ತಿತ್ತು. ತನ್ನ ಯಂತ್ರಕ್ಕಾಗಿ ಸಿದ್ಧಪಡಿಸಿದ ಆಟವನ್ನು ಎರಡು ವರ್ಷಗಳವರೆಗೆ ಬೇರಾವ ಯಂತ್ರಕ್ಕೂ ನೀಡಕೂಡದು ಎಂಬ ಷರತ್ತನ್ನು ಅದು ಪರವಾನಗಿ ಒಪ್ಪಂದದಲ್ಲಿ ಸೇರಿಸಿತ್ತು. ಪರಿಣಾಮವಾಗಿ ಸೆಗಾದ ಕೈಗೆ ಸಿಕ್ಕ ಅಮೆರಿಕದ ಆಟ ಪ್ರಕಾಶಕರು ಇಬ್ಬರೇ: ಆಕ್ಟಿವಿಷನ್ ಮತ್ತು ಪಾರ್ಕರ್ ಬ್ರದರ್ಸ್. ಬಳಿಕ ಸೆಗಾ ವಿತರಣೆಯ ಹಕ್ಕನ್ನು ಟೋಂಕಾ ಎಂಬ ಆಟಿಕೆ ತಯಾರಕ ಸಂಸ್ಥೆಗೆ ವಹಿಸಿತು. ಲೋಹದ ಆಟಿಕೆ ಲಾರಿಗಳಿಗೆ ಹೆಸರಾದ ಸಂಸ್ಥೆಗೆ ಈ ಹೊಸ ಕ್ಷೇತ್ರ ಒಗ್ಗಲಿಲ್ಲ. ಹಲವು ಆಟಗಳು ಇಂಗ್ಲಿಷಿಗೆ ಬರದೆಯೇ ಉಳಿದವು. ಅಮೆರಿಕದಲ್ಲಿ ಒಟ್ಟು ಮಾರಾಟ ಸುಮಾರು 20 ಲಕ್ಷಕ್ಕೆ ನಿಂತಿತು.

ಯುರೋಪ್: ಹಬ್ಬ ಮುಗಿದ ಮೇಲೆ ಬಂದ ಸರಕು

ಬ್ರಿಟನ್ನಿನಲ್ಲಿ ವಿತರಣೆಯ ಹೊಣೆ ಹೊತ್ತದ್ದು ಮಾಸ್ಟರ್‌ಟ್ರಾನಿಕ್. ಅಗ್ಗದ ಕಂಪ್ಯೂಟರ್ ಆಟಗಳ ಮಾರಾಟದಲ್ಲಿ ಪಳಗಿದ ಈ ಸಂಸ್ಥೆ 1987ರ ಕ್ರಿಸ್‌ಮಸ್ ಋತುವಿಗಾಗಿ ಅಂಗಡಿಕಾರರಿಂದ ಭಾರಿ ಪ್ರಮಾಣದ ಮುಂಗಡ ಬೇಡಿಕೆ ಪಡೆದಿತ್ತು. ಆದರೆ ಸೆಗಾ ಸರಕು ತಲುಪಿಸಿದ್ದು ಕ್ರಿಸ್‌ಮಸ್‌ನ ಮರುದಿನ. ದೀಪಾವಳಿ ಕಳೆದ ಮೇಲೆ ಪಟಾಕಿ ಲಾರಿ ಬಂದಂತಾಯಿತು. ಬಹುಪಾಲು ಅಂಗಡಿಕಾರರು ಬೇಡಿಕೆ ರದ್ದುಗೊಳಿಸಿದರು. ಪ್ರಚಾರಕ್ಕೆ ಹಣ ಸುರಿದಿದ್ದ ವಿತರಕ ಸಂಸ್ಥೆಯ ದುಡಿಯುವ ಬಂಡವಾಳ ಸಿಕ್ಕಿಬಿದ್ದು, ಅದು ವರ್ಜಿನ್ ಸಮೂಹದ ತೆಕ್ಕೆಗೆ ಹೋಗಬೇಕಾಯಿತು. ಜರ್ಮನಿ ಹಾಗೂ ಫ್ರಾನ್ಸಿನ ವಿತರಕರೂ ಸಂಕಷ್ಟಕ್ಕೆ ಸಿಲುಕಿ ಸೆಗಾದಿಂದ ದೂರ ಸರಿದರು.

ಆದರೆ ಯುರೋಪಿನಲ್ಲಿ ನಿಂಟೆಂಡೊದ ವಿತರಣೆ ಅಮೆರಿಕದಷ್ಟು ಬಲವಾಗಿರಲಿಲ್ಲ. ವರ್ಜಿನ್ ಮಾಸ್ಟರ್‌ಟ್ರಾನಿಕ್ ಆ ಅವಕಾಶವನ್ನು ಬಳಸಿಕೊಂಡಿತು. 1991ರಲ್ಲಿ ಸೆಗಾ ಆ ಸಂಸ್ಥೆಯನ್ನೇ ಕೊಂಡು ‘ಸೆಗಾ ಯುರೋಪ್’ ಆಗಿ ಪರಿವರ್ತಿಸಿತು. 1993ರ ವೇಳೆಗೆ ಯುರೋಪಿನಲ್ಲಿ ಬಳಕೆಯಲ್ಲಿದ್ದ ಯಂತ್ರಗಳ ಸಂಖ್ಯೆ 62.5 ಲಕ್ಷಕ್ಕೆ ಏರಿತು.

ಬ್ರೆಜಿಲ್: ಸ್ಥಳೀಯ ತಯಾರಿಕೆಯ ಫಲ

ಎಲ್ಲಕ್ಕಿಂತ ಗಮನಾರ್ಹವಾದುದು ಬ್ರೆಜಿಲ್‌ನ ಅನುಭವ. ಅಲ್ಲಿ ಎಲೆಕ್ಟ್ರಾನಿಕ್ ಸರಕುಗಳ ಆಮದಿಗೆ ಬಿಗಿಯಾದ ನಿರ್ಬಂಧ ಹಾಗೂ ಭಾರಿ ಸುಂಕವಿದ್ದಿತು. ಟಿ.ವಿ. ಪ್ರಸಾರಕ್ಕೆ ‘ಪಾಲ್-ಎಂ’ ಎಂಬ ಪ್ರತ್ಯೇಕ ಮಾನಕವಿದ್ದುದರಿಂದ ಅಮೆರಿಕದಿಂದ ತಂದ ಯಂತ್ರ ಮಾರ್ಪಾಡಿಲ್ಲದೆ ಅಲ್ಲಿನ ಟಿ.ವಿ.ಯಲ್ಲಿ ಕಪ್ಪು-ಬಿಳುಪಿನ ಚಿತ್ರವನ್ನಷ್ಟೇ ಮೂಡಿಸುತ್ತಿತ್ತು. ವಿದೇಶಿ ಕಂಪನಿಗಳಿಗೆ ಇವು ತಡೆಗೋಡೆಗಳು. 1987ರಲ್ಲಿ ಸ್ಥಾಪನೆಯಾದ ಟೆಕ್‌ಟಾಯ್ ಎಂಬ ದೇಶೀಯ ಸಂಸ್ಥೆಗೆ ಇವೇ ರಕ್ಷಾಕವಚಗಳಾದವು.

ಅಮೆಜಾನ್ ಪ್ರದೇಶದ ಮನೌಸ್ ನಗರದಲ್ಲಿ 1967ರಿಂದ ಮುಕ್ತ ವಲಯವಿದ್ದು, ಅಲ್ಲಿ ಸ್ಥಾಪಿತವಾದ ಕೈಗಾರಿಕೆಗಳಿಗೆ ತೆರಿಗೆ ವಿನಾಯಿತಿಗಳಿದ್ದವು. ಟೆಕ್‌ಟಾಯ್ ಸೆಗಾದಿಂದ ಪರವಾನಗಿ ಪಡೆದು ಅಲ್ಲಿಯೇ ಯಂತ್ರ ತಯಾರಿಸಿ, 1989ರ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಗೆ ಬಿಟ್ಟಿತು. 1990ರ ಅಂತ್ಯಕ್ಕೆ ಸುಮಾರು 2.8 ಲಕ್ಷ ಮನೆಗಳಿಗೆ ಅದು ತಲುಪಿತ್ತು. ನಿಂಟೆಂಡೊ ಅಧಿಕೃತವಾಗಿ ಬ್ರೆಜಿಲ್ ಪ್ರವೇಶಿಸಿದ್ದು 1993ರಲ್ಲಿ. ಅಲ್ಲಿಯವರೆಗೆ ಅದರ ಹೆಸರಿನಲ್ಲಿ ಲಾಭ ಮಾಡಿಕೊಂಡವರು ನಕಲು ಯಂತ್ರಗಳ ತಯಾರಕರು.

ಟೆಕ್‌ಟಾಯ್ ಕೇವಲ ಪೆಟ್ಟಿಗೆ ಜೋಡಿಸುವ ಕೆಲಸಕ್ಕೆ ತೃಪ್ತಿಪಡಲಿಲ್ಲ. ‘ಫ್ಯಾಂಟಸಿ ಸ್ಟಾರ್’ ಆಟವನ್ನು ಪೋರ್ಚುಗೀಸ್ ಭಾಷೆಗೆ ತಂದಿತು. ಜಪಾನಿನ ‘ವಂಡರ್ ಬಾಯ್’ ಆಟದ ನಾಯಕನ ಸ್ಥಾನದಲ್ಲಿ, ಚಿತ್ರಕಥೆಗಾರ ಮೌರಿಸಿಯೊ ದೆ ಸೌಜಾ ಅವರ ಜನಪ್ರಿಯ ಪಾತ್ರವಾದ ‘ಮೋನಿಕಾ’ ಎಂಬ ಬಾಲಕಿಯನ್ನು ತಂದು ನಿಲ್ಲಿಸಿತು. ಕಾರ್ಟ್ರಿಜ್‌ನ ಅಗತ್ಯವಿಲ್ಲದೆ ಹತ್ತಾರು ಆಟಗಳನ್ನು ಯಂತ್ರದಲ್ಲಿಯೇ ಅಳವಡಿಸಿದ ಅಗ್ಗದ ಮಾದರಿಗಳೂ ಬಂದವು. ಜಗತ್ತಿನ ಉಳಿದೆಡೆ ಈ ಯಂತ್ರ ಮರೆಯಾದ ಎಷ್ಟೋ ವರ್ಷಗಳ ನಂತರವೂ ಮಾರಾಟ ಮುಂದುವರಿಯಿತು. 2016ರ ವೇಳೆಗೆ ಬ್ರೆಜಿಲ್ ಒಂದರಲ್ಲಿಯೇ ಸುಮಾರು 80 ಲಕ್ಷ ಯಂತ್ರಗಳು ಮಾರಾಟವಾಗಿದ್ದವು.

ಖಾತೆಯ ಇನ್ನೊಂದು ಬದಿಯನ್ನೂ ನೋಡಬೇಕು. ಒಂದೇ ಮೂಲ ಕಂಪನಿಯನ್ನು ನೆಚ್ಚಿದ್ದ ಟೆಕ್‌ಟಾಯ್ ಸಾಲದ ಭಾರದಿಂದ ಕುಸಿದು, 1997ರಲ್ಲಿ ಸಾಲದಾತರಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೊರೆಹೋಯಿತು. 2001ರಲ್ಲಿ ಸೆಗಾ ಯಂತ್ರ ತಯಾರಿಕೆಯಿಂದಲೇ ಹಿಂದೆ ಸರಿಯಿತು. ಆ ಆಘಾತಗಳನ್ನು ಟೆಕ್‌ಟಾಯ್ ತಾಳಿಕೊಂಡಿತಾದರೂ ಹಳೆಯ ವೈಭವ ಮರಳಲಿಲ್ಲ.

ಭಾರತದ ಅಧ್ಯಾಯ

ಸೆಗಾ ಭಾರತಕ್ಕೂ ಬಂದಿತ್ತು. ಆಮದು ಸುಂಕ ಶೇ 80ರಷ್ಟಿದ್ದ ಕಾಲದಲ್ಲಿ, ಆ ಹೊರೆಯನ್ನು ತಪ್ಪಿಸಿಕೊಳ್ಳುವ ಉದ್ದೇಶದಿಂದ 1995ರ ಏಪ್ರಿಲ್‌ನಲ್ಲಿ ಅದು ಶಾ ವ್ಯಾಲೇಸ್ ಸಂಸ್ಥೆಯೊಡನೆ ವಿತರಣಾ ಒಪ್ಪಂದ ಮಾಡಿಕೊಂಡಿತು. ಮದ್ಯೋದ್ಯಮದಿಂದ ಪರಿಚಿತವಾದ ಈ ಸಂಸ್ಥೆಯನ್ನು ಮುಂದೆ 2005ರಲ್ಲಿ ಬೆಂಗಳೂರಿನ ಯುಬಿ ಸಮೂಹ ಕೊಂಡಿತು. ಮಾಸ್ಟರ್ ಸಿಸ್ಟಂನ ನಂತರದ ಪೀಳಿಗೆಯ ‘ಮೆಗಾ ಡ್ರೈವ್’ ಯಂತ್ರಕ್ಕೆ ಇಲ್ಲಿ ನಿಗದಿಯಾದ ಬೆಲೆ 18,000 ರೂಪಾಯಿ. ಅಂದಿನ ಮಧ್ಯಮ ವರ್ಗದ ಮನೆಗೆ ಅದು ತಿಂಗಳುಗಳ ಸಂಬಳ. ನಿಂಟೆಂಡೊ ಯಂತ್ರದ ಅಗ್ಗದ ನಕಲುಗಳು ‘ಟಿ.ವಿ. ಗೇಮ್’ ಎಂಬ ಹೆಸರಿನಲ್ಲಿ ನಗರಗಳ ಅಂಗಡಿಗಳಲ್ಲಿ ಲಭ್ಯವಿದ್ದಾಗ ಗ್ರಾಹಕರು ಎತ್ತ ಒಲಿದರೆಂಬುದನ್ನು ವಿವರಿಸಬೇಕಾಗಿಲ್ಲ. ಒಪ್ಪಂದ ಸುಂಕಕ್ಕೆ ಪರಿಹಾರ ಹುಡುಕಿತು. ಗ್ರಾಹಕನ ಜೇಬಿಗೆ ಹುಡುಕಲಿಲ್ಲ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ಸರಕು ತಲುಪಬೇಕಾದ ದಿನಾಂಕವೇ ಒಪ್ಪಂದದ ತಿರುಳು ಎಂದು ಸ್ಪಷ್ಟವಾಗಿ ನಮೂದಿಸಬೇಕು. ಭಾರತೀಯ ಕರಾರು ಅಧಿನಿಯಮ, 1872ರ 55ನೆಯ ಪ್ರಕರಣದಂತೆ, ಹಾಗೆ ಗೊತ್ತುಪಡಿಸಿದ ಸಮಯ ಮೀರಿ ಬಂದ ಸರಕನ್ನು ಸ್ವೀಕರಿಸುವಾಗಲೇ ಪರಿಹಾರ ಕೋರುವ ಸೂಚನೆ ನೀಡದಿದ್ದರೆ, ವಿಳಂಬದ ನಷ್ಟವನ್ನು ಅನಂತರ ಕೇಳಲು ಬರುವುದಿಲ್ಲ. ಹಬ್ಬದ ವ್ಯಾಪಾರ ನೆಚ್ಚಿದವರು ಇದನ್ನು ಮರೆಯಬಾರದು.

2. ಸರಕನ್ನು ಸ್ಥಳೀಯ ಭಾಷೆಗೆ, ಅಭಿರುಚಿಗೆ ಹೊಂದಿಸುವ ಹಕ್ಕನ್ನು ವಿತರಕರು ಆರಂಭದಲ್ಲಿಯೇ ಪಡೆದುಕೊಳ್ಳಬೇಕು.

3. ಸ್ಥಳೀಯ ಜೋಡಣೆಯ ಲಾಭವನ್ನು ಉಳಿಯುವ ಸುಂಕದಿಂದಷ್ಟೇ ಅಳೆಯದೆ, ಕೊನೆಯ ಗ್ರಾಹಕ ತೆರುವ ಬೆಲೆಯಿಂದ ಅಳೆಯಬೇಕು.

4. ಏಕಸ್ವಾಮ್ಯದ ಷರತ್ತು ಆಕರ್ಷಕವಾಗಿ ಕಂಡರೂ, ಸ್ಪರ್ಧೆಗೆ ಗಣನೀಯ ಧಕ್ಕೆ ತಂದರೆ ಅದು ಸ್ಪರ್ಧಾ ಅಧಿನಿಯಮ, 2002ರ 3(4)ನೆಯ ಪ್ರಕರಣದ ಪರಿಶೀಲನೆಗೆ ಒಳಪಡುತ್ತದೆ.

5. ವಹಿವಾಟಿನ ಬಹುಭಾಗ ಒಂದೇ ಮೂಲ ಕಂಪನಿಯಿಂದ ಬರುತ್ತಿದ್ದರೆ, ಲಾಭದ ವರ್ಷಗಳಲ್ಲಿಯೇ ಮೀಸಲು ನಿಧಿ ಕಟ್ಟಿ, ಎರಡನೆಯ ಸರಕನ್ನು ಹುಡುಕಿಕೊಳ್ಳಬೇಕು.

ಮಾಸ್ಟರ್‌ಟ್ರಾನಿಕ್‌ಗೆ ಬೇಡಿಕೆಯ ಕೊರತೆಯಿರಲಿಲ್ಲ; ಟೆಕ್‌ಟಾಯ್‌ಗೆ ಮಾರುಕಟ್ಟೆಯ ಕೊರತೆಯಿರಲಿಲ್ಲ. ಆದರೂ ಎರಡೂ ಸಂಸ್ಥೆಗಳು ಅಳಿವಿನ ಅಂಚಿಗೆ ಹೋಗಿ ಬಂದವು. ಏಜೆನ್ಸಿಯ ಕರಡಿಗೆ ಸಹಿ ಹಾಕುವ ಮುನ್ನ ಈ ಎರಡು ಹೆಸರುಗಳನ್ನು ನೆನೆಯುವುದು ಲೇಸು.