ಕೂತು ದಣಿದವರ ಸಂಜೆ

"ದಿನವಿಡೀ ಎ.ಸಿ. ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತವನಿಗೆ ಎಂಥಾ ದಣಿವು?" ಧಾರವಾಡದ ಕಡೆ ನಮ್ಮೂರಿಗೆ ಹೋದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಹೊಲದಲ್ಲಿ ದುಡಿದು ಬಂದವರ ಮುಂದೆ ಏನು ಹೇಳಲಿ ಎಂದು ಸುಮ್ಮನಿರುತ್ತೇನೆ. ಆದರೆ ಪುಣೆಯ ಹಿಂಜೆವಾಡಿಯಿಂದ ಸಂಜೆ ಮನೆ ಸೇರುವ ಯಾರನ್ನಾದರೂ ಕೇಳಿ. ಬೂಟು ಬಿಚ್ಚಿ ಸೋಫಾದ ಮೇಲೆ ಕೂತರೆ ನೀರು ಕುಡಿಯಲೂ ಏಳುವ ಮನಸ್ಸಾಗುವುದಿಲ್ಲ.

ಈ ದಣಿವಿಗೆ ಕಾರಣಗಳಿವೆ. ಮೊದಲನೆಯದು ಮೀಟಿಂಗು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್ಸನ್ 2021ರ ಲೇಖನವೊಂದರಲ್ಲಿ ವಿಡಿಯೊ ಮೀಟಿಂಗಿನ ಆಯಾಸಕ್ಕೆ ನಾಲ್ಕು ಕಾರಣ ಮುಂದಿಟ್ಟರು: ತೀರಾ ಹತ್ತಿರದಿಂದ ದಿಟ್ಟಿಸುವ ಮುಖಗಳು, ಪರದೆಯಲ್ಲಿ ನಮ್ಮದೇ ಮುಖ ನೋಡುತ್ತಿರುವುದು, ಅಲುಗಾಡದೆ ಕೂರುವುದು, ಎದುರಿನವರ ಹಾವಭಾವ ಅರಿಯಲು ಬೇಕಾಗುವ ಹೆಚ್ಚಿನ ಶ್ರಮ. ಕೂತೇ ಇದ್ದರೂ ತಲೆಗೆ ಬಿಡುವಿಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಎರಡನೆಯದು ಗಡಿಯಾರ. ನ್ಯೂಯಾರ್ಕಿನ ಬೆಳಗಿನ 10 ಗಂಟೆಯ ಕಾಲ್ ಬೇಸಿಗೆಯಲ್ಲಿ ನಮಗೆ ಸಂಜೆ 7.30ಕ್ಕೆ ಇರುತ್ತದೆ. ನವೆಂಬರಿನಲ್ಲಿ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಹಿಂದೆ ತಿರುಗಿಸಿದರೆ ಅದೇ ಕಾಲ್ ರಾತ್ರಿ 8.30ಕ್ಕೆ, ನಮ್ಮ ಊಟದ ಹೊತ್ತಿಗೆ ಬಂದು ಕೂರುತ್ತದೆ. ಅದಕ್ಕೆಂದು ಸಂಜೆ 6ಕ್ಕೆ ಒಂದು ಕಾಫಿ. ಕಾಫಿಯ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಅಂದರೆ ರಾತ್ರಿ 11ಕ್ಕೆ ಮಲಗಿದಾಗಲೂ ಅರ್ಧ ಕಪ್ ಮೈಯಲ್ಲೇ ಇರುತ್ತದೆ. ನಿದ್ದೆ ಕೆಟ್ಟು, ಮರುದಿನದ ದಣಿವು ಬೆಳಿಗ್ಗೆಯೇ ಶುರು.

ಎಲ್ಲವನ್ನೂ ಕೆಲಸದ ಲೆಕ್ಕಕ್ಕೆ ಬರೆಯುವುದೂ ಸರಿಯಲ್ಲ. ನನ್ನ ಆಯಾಸ ವಾರಾಂತ್ಯದಲ್ಲೂ ಇಳಿಯದಿದ್ದಾಗ ಡಾಕ್ಟರು ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12 ಮತ್ತು ಡಿ ವಿಟಮಿನ್ ಪರೀಕ್ಷೆ ಬರೆದುಕೊಟ್ಟರು. ಬಿ12 ಕಡಿಮೆ ಇತ್ತು. ಈ ವಿಟಮಿನ್ ಸಹಜವಾಗಿ ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಂಥವುಗಳಲ್ಲಿ ಮಾತ್ರ. ಹಾಗಾಗಿ ಸಸ್ಯಾಹಾರಿಗಳಲ್ಲಿ ಈ ಕೊರತೆ ಸಾಮಾನ್ಯ. ಗೊರಕೆ ಜೋರಾಗಿದ್ದು ಹಗಲೆಲ್ಲ ತೂಕಡಿಕೆ ಇದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು.

ಪರೀಕ್ಷೆಯಲ್ಲಿ ಏನೂ ಸಿಗದೆ, ಕೆಲಸದ ಹೆಸರೆತ್ತಿದರೇ ಬೇಸರವಾಗುವ ಸ್ಥಿತಿಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 'ಬರ್ನ್‌ಔಟ್' ಅನ್ನು ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಕರೆಯಿತು, ಕಾಯಿಲೆ ಎನ್ನಲಿಲ್ಲ. ಅದರ ಲಕ್ಷಣ ಮೂರು: ಶಕ್ತಿ ಬತ್ತಿದ ಭಾವ, ಕೆಲಸದ ಬಗ್ಗೆ ದೂರ ಅಥವಾ ಕಹಿ, ಮಾಡಿದ್ದು ಸಾಲದೆನ್ನುವ ಅನಿಸಿಕೆ. ಅದರ ಬೇರು ಆಫೀಸಿನ ಒತ್ತಡದಲ್ಲಿರುವುದರಿಂದ, ಮಾತನಾಡಬೇಕಾದದ್ದು ಮ್ಯಾನೇಜರ್ ಹತ್ತಿರವೂ ಹೌದು.

ಹೊರನಾಡಿನವರಾದ ನಮಗೆ ಈ ದಣಿವು ಇನ್ನೊಂದು ನಷ್ಟ ತರುತ್ತದೆ. ಹಗಲೆಲ್ಲ ಆಫೀಸಿನಲ್ಲಿ ಇಂಗ್ಲಿಷ್, ಕ್ಯಾಂಟೀನಿನಲ್ಲಿ ಹಿಂದಿ, ತರಕಾರಿಯವರ ಹತ್ತಿರ ಮರಾಠಿ. ಕನ್ನಡಕ್ಕೆ ಉಳಿಯುವುದು ಸಂಜೆ ಏಳರ ನಂತರದ ಹೊತ್ತು, ಅಂದರೆ ಬಾಯಿ ಬಿಡಲೂ ಬೇಸರವಾಗುವ ಹೊತ್ತು. ಮಗಳ ಶಾಲೆಯಲ್ಲಿ ಕನ್ನಡವಿಲ್ಲ. ಅವಳಿಗೆ ಕನ್ನಡ ಸಿಗುವುದು ನನ್ನಿಂದ ಮತ್ತು ನನ್ನ ಹೆಂಡತಿಯಿಂದ, ಅದೂ ಇಬ್ಬರೂ ಆಫೀಸಿನಿಂದ ಸೋತು ಬಂದ ಮೇಲೆ. ಅವಳು ಹಿಂದಿಯಲ್ಲಿ ಕೇಳಿದರೆ ಹಿಂದಿಯಲ್ಲೇ ಉತ್ತರಿಸುವುದು ಆ ಹೊತ್ತಿಗೆ ಸುಲಭ. ಊರಿನಿಂದ ಅವ್ವ ಫೋನ್ ಮಾಡಿದರೂ ಹಾಗೆಯೇ. ನನ್ನ ನಾಲ್ಕು "ಹ್ಞೂಂ" ಕೇಳಿ, "ಭಾಳ ದಣದೀ ಕಾಣ್ತದ, ಇಡ್ತೀನಿ, ಮಲ್ಕೋ" ಅನ್ನುತ್ತಾಳೆ. ಅವಳ ಬಳಿ ಹೇಳಲು ಇನ್ನೂ ಮಾತಿತ್ತು ಎಂದು ಅವಳ ದನಿಯಲ್ಲೇ ತಿಳಿಯುತ್ತದೆ.

ಈಗ ಮನೆಯಲ್ಲಿ ಹೊತ್ತನ್ನು ಬದಲಿಸಿಕೊಂಡಿದ್ದೇವೆ. ಅವ್ವನಿಗೆ ಬೆಳಿಗ್ಗೆ ಕಂಪನಿ ಬಸ್ಸಿನಿಂದ ಫೋನ್ ಮಾಡುತ್ತೇನೆ. ಆಗ ಅವಳೂ ಚಹಾ ಮುಗಿಸಿ ಕೂತಿರುತ್ತಾಳೆ. ಟ್ರಾಫಿಕ್ ಜಾಸ್ತಿಯಿದ್ದ ದಿನ ಊರಿನ ಸುದ್ದಿಯೆಲ್ಲ ಮುಗಿಯುತ್ತದೆ. ಮಗಳ ಕನ್ನಡ ಓದು ತಿಂಡಿಗೆ ಮೊದಲಿನ ಇಪ್ಪತ್ತು ನಿಮಿಷಕ್ಕೆ ಬಂದಿದೆ. ಸಂಜೆ ಮನೆಗೆ ಬಂದ ಮೇಲೆ ಸೋಫಾ, ಮೊಬೈಲ್ ಎರಡನ್ನೂ ಬಿಟ್ಟು ಅವಳೊಡನೆ ಸೊಸೈಟಿಯೊಳಗೆ ಎರಡು ಸುತ್ತು ನಡೆಯುತ್ತೇನೆ. ಮೈಗೆ ಅದು ಮಲಗುವುದಕ್ಕಿಂತ ಹಿತವೆನಿಸಿದೆ. ವಾರದಲ್ಲಿ ಎರಡು ರಾತ್ರಿ ಕಾಲ್ ಬೇಡವೆಂದು ಟೀಮಿನಲ್ಲಿ ಕೇಳಿದೆ. ಒಂದಕ್ಕೆ ಒಪ್ಪಿದ್ದಾರೆ.

ದಣಿವು ಪೂರ್ತಿ ಹೋಗಿಲ್ಲ. ಹಿಂಜೆವಾಡಿಯ ರಸ್ತೆಯೂ ಬದಲಾಗಿಲ್ಲ. ನಿಮ್ಮೂರು ಮುಂಬೈಯೋ ಹೈದರಾಬಾದೋ ಚೆನ್ನೈಯೋ, ನಿಮ್ಮ ದಿನದಲ್ಲಿ ಮೈಮನಸ್ಸು ಹಗುರವಾಗಿರುವ ಅರ್ಧ ಗಂಟೆ ಯಾವುದು ನೋಡಿಕೊಳ್ಳಿ. ಅದನ್ನು ಮನೆಯವರಿಗೂ ಮನೆಮಾತಿಗೂ ಕೊಟ್ಟು ನೋಡಿ.