ನೋವೇ ತಪಸ್ಸಲ್ಲ

ಮುಂಜಾನೆಯ ವಿಜಯಪುರದಲ್ಲಿ ಗೋಳಗುಮ್ಮಟದ ಸುತ್ತಮುತ್ತ ನಡೆಯುವವರು, ಓಡುವವರು ಕಾಣಸಿಗುತ್ತಾರೆ. ತಿಕೋಟಾ, ಬಬಲೇಶ್ವರದ ಕಡೆಗೆ ಸಾಗುವ ರಸ್ತೆಗಳಲ್ಲಿ ತರುಣರು ಸೈಕಲ್ ತುಳಿಯುತ್ತಾರೆ. ಈ ಜಿಲ್ಲೆ ನಾಡಿಗೆ ಅನೇಕ ಸೈಕ್ಲಿಂಗ್ ಪಟುಗಳನ್ನು ಕೊಟ್ಟಿದೆ. ಈ ಶ್ರಮ ಮೆಚ್ಚತಕ್ಕದ್ದೇ. ಆದರೆ ನೋವು ಹೆಚ್ಚಿದಷ್ಟೂ ಫಲ ಹೆಚ್ಚೆಂಬ ನಂಬಿಕೆ ವ್ಯಾಯಾಮ ಮಾಡುವವರಲ್ಲಿಯೂ, ಕೆಲವೊಮ್ಮೆ ವ್ರತ ಹಿಡಿದವರಲ್ಲಿಯೂ ಬೇರೂರಿರುತ್ತದೆ. ನೋವೇ ಸಾಧನೆಯ ಅಳತೆಗೋಲೆ? ಜೈನಾಚಾರ್ಯರು ಈ ಪ್ರಶ್ನೆಗೆ ಬಹು ಹಿಂದೆಯೇ ಉತ್ತರ ಕೊಟ್ಟಿದ್ದಾರೆ.

ತತ್ತ್ವಾರ್ಥಸೂತ್ರವು 6 ಬಾಹ್ಯ ತಪಗಳಲ್ಲಿ ಕಾಯಕ್ಲೇಶವನ್ನೂ ಎಣಿಸುತ್ತದೆ. ತನಗಾಗಲಿ ಪರರಿಗಾಗಲಿ ದುಃಖವನ್ನು ಉಂಟುಮಾಡುವುದು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆಂದೂ ಅದೇ ಗ್ರಂಥ ಹೇಳುತ್ತದೆ. ಹಾಗಾದರೆ ಉಪವಾಸ, ಕೇಶಲೋಚಗಳೂ ಅಂಥ ಕರ್ಮವನ್ನೇ ತರಬೇಕಲ್ಲವೆ? ಪೂಜ್ಯಪಾದ ಆಚಾರ್ಯರು ತಮ್ಮ ‘ಸರ್ವಾರ್ಥಸಿದ್ಧಿ’ ಟೀಕೆಯಲ್ಲಿ ಈ ಶಂಕೆಯನ್ನು ತಾವೇ ಎತ್ತಿ ಪರಿಹರಿಸಿದ್ದಾರೆ. ಕರುಣೆಯುಳ್ಳ ವೈದ್ಯನು ಮುನಿಯ ಕುರುವನ್ನು ಶಸ್ತ್ರದಿಂದ ಸೀಳಿದಾಗ ನೋವಾಗುತ್ತದೆ. ಆದರೂ ವೈದ್ಯನಿಗೆ ಪಾಪ ಅಂಟದು. ಕ್ರೋಧಾದಿಗಳ ಆವೇಶದಿಂದ ಹುಟ್ಟಿದ ದುಃಖವೇ ಬಂಧಕ್ಕೆ ಕಾರಣ. ಪಕ್ಕದವನನ್ನು ಮೀರಿಸಬೇಕೆಂಬ ಮಾನಕಷಾಯದಿಂದ, ಊದಿಕೊಂಡ ಮೊಣಕಾಲಿನಲ್ಲೇ ಓಡುವವನ ನೋವು ಆ ವೈದ್ಯನ ಶಸ್ತ್ರದ ಸಾಲಿಗೆ ಸೇರದು.

ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥ ಸ್ವಾಮಿಯ ದರ್ಶನ ಮಾಡಿದವರು ಇನ್ನೊಂದು ಮಾತನ್ನು ನೆನೆಯಬಹುದು. ಧ್ಯಾನಸ್ಥನಾಗಿದ್ದ ಪಾರ್ಶ್ವನ ಮೇಲೆ ಕಮಠನು ಮಳೆಗರೆದು ಉಪಸರ್ಗ ಮಾಡಿದನು. ಸ್ವಾಮಿ ಆ ಕಷ್ಟವನ್ನು ಅರಸಿ ಹೋಗಲಿಲ್ಲ. ತಾನಾಗಿ ಬಂದುದರ ಮುಂದೆ ವಿಚಲಿತನಾಗಲಿಲ್ಲ. ಧರಣೇಂದ್ರನು ಹೆಡೆಗಳ ಕೊಡೆ ಹಿಡಿದನು. ಅದರಿಂದ ತಪಸ್ಸಿಗೆ ಕುಂದು ಬರಲಿಲ್ಲ. ದೇಹರಕ್ಷಣೆ ತಪಸ್ಸಿಗೆ ಶತ್ರುವಲ್ಲ.

ಜೈನಮತವು ಹೇಳುವ 10 ಪ್ರಾಣಗಳಲ್ಲಿ ಕಾಯಬಲವೂ ಒಂದು, ಶ್ವಾಸೋಚ್ಛ್ವಾಸವೂ ಒಂದು. ಪ್ರಮಾದದಿಂದ ಪ್ರಾಣಘಾತ ಮಾಡುವುದೇ ಹಿಂಸೆ. ದೇಹ ಕೊಡುವ ಎಚ್ಚರಿಕೆಯನ್ನು ಕಡೆಗಣಿಸುವುದು ಪ್ರಮಾದವಲ್ಲದೆ ಮತ್ತೇನು? ಇರುವೆಯನ್ನು ಕಂಡು ಹೆಜ್ಜೆ ತಪ್ಪಿಸುವ ಶ್ರಾವಕನು ತನ್ನ ಕೀಲುಗಳ ವಿಷಯದಲ್ಲಿಯೂ ಅಹಿಂಸಕನಾಗಿರಬೇಕು.

ಇದಕ್ಕೆ ವಿವೇಕ ಬೇಕು. ಹೊಸ ಶ್ರಮಕ್ಕೆ ಒಡ್ಡಿದ ಸ್ನಾಯುಗಳಲ್ಲಿ ಮರುದಿನ ಮಂದವಾದ ಬೇನೆ ಕಾಣಿಸಿಕೊಳ್ಳುತ್ತದೆ. ಅದು ಸಾಮಾನ್ಯವಾಗಿ ಎರಡೂ ಕಾಲುಗಳಲ್ಲಿದ್ದು, ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಇದು ಬೆಳವಣಿಗೆಯ ಶ್ರಮ. ಒಂದೇ ಕೀಲಿನಲ್ಲಿ ಚುಚ್ಚುವ, ಬಾವು ಬರಿಸುವ, ನಡಿಗೆಯನ್ನೇ ಕುಂಟಾಗಿಸುವ, ವಿಶ್ರಾಂತಿಯಲ್ಲಿಯೂ ಬಿಡದ ನೋವು ಹಾನಿಯ ಸೂಚನೆ. ಅಲ್ಲಿ ನಿಲ್ಲಬೇಕು, ವೈದ್ಯರಿಗೆ ತೋರಿಸಬೇಕು. ಎದೆನೋವು, ತಲೆಸುತ್ತು, ಮಿತಿಮೀರಿದ ಏದುಸಿರು ಕಂಡರೆ ಒಂದು ಕ್ಷಣವೂ ತಡಮಾಡಬಾರದು. ಉಪವಾಸದ ದಿನ ಬಿಸಿಲಿನಲ್ಲಿ ಕಠಿಣ ವ್ಯಾಯಾಮಕ್ಕೆ ಇಳಿಯುವುದು, ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳದೆ ನಿರಾಹಾರ ವ್ರತ ಹಿಡಿಯುವುದು ಸಲ್ಲದು.

ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ‘ಶಕ್ತಿತಸ್ತಪ’ ಒಂದು. ಇದ್ದ ಶಕ್ತಿಯನ್ನು ಬಚ್ಚಿಡದೆ, ಮೋಕ್ಷಮಾರ್ಗಕ್ಕೆ ವಿರೋಧವಾಗದಂತೆ ದೇಹವನ್ನು ದಂಡಿಸುವುದೇ ತಪವೆಂದು ಪೂಜ್ಯಪಾದರು ಇದನ್ನು ವಿವರಿಸುತ್ತಾರೆ. ಶಕ್ತಿಯಿದ್ದೂ ಮಲಗಿರುವುದು ಒಂದು ದೋಷ. ಶಕ್ತಿ ಮೀರಿ ಮುರಿದುಬೀಳುವುದು ಇನ್ನೊಂದು. ಶ್ರಾವಕನ 11 ಪ್ರತಿಮೆಗಳೂ ಮೆಟ್ಟಿಲುಗಳೇ. ಕೆಳಗಿನದು ಗಟ್ಟಿಯಾದ ಮೇಲೆ ಮುಂದಿನದು. ಇಂದು ಒಂದು ಮೈಲಿ ಸುಖವಾಗಿ ನಡೆದವನು ನಾಳೆ ಇನ್ನಷ್ಟು ನಡೆಯಲಿ. ನಡಿಗೆ ಮುಗಿದಾಗ ದೇಹ ದಣಿದಿದ್ದರೂ ಮನಸ್ಸು ಸಾಮಾಯಿಕಕ್ಕೆ ಕೂರುವಷ್ಟು ಪ್ರಸನ್ನವಾಗಿದ್ದರೆ, ಶ್ರಮ ತನ್ನ ಮಿತಿಯಲ್ಲಿದೆ ಎಂದು ತಿಳಿಯಬಹುದು.