ಕೃತಕ ಸ್ತನ: ಗಾತ್ರ, ತೂಕ ಮತ್ತು ಫಲ

ಸ್ತನದ ಕ್ಯಾನ್ಸರ್ ರೋಗವನ್ನು ನಿವಾರಿಸುವ ಸಲುವಾಗಿ ಕೆಲವು ಸ್ತ್ರೀಯರ ಸ್ತನವನ್ನು ಪೂರ್ಣವಾಗಿ ತೆಗೆಯಬೇಕಾಗುತ್ತದೆ. ಪ್ರಾಣವುಳಿದ ಸಮಾಧಾನದ ಜೊತೆಗೆ, ದೇಹದ ಒಂದು ಭಾಗ ಇಲ್ಲವಾಯಿತೆಂಬ ಕೊರಗೂ ಉಳಿಯುವುದು ಸಹಜ. ಹೆಂಡತಿ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಗಂಡ ಕೇಳಲು ಸಂಕೋಚಪಡುತ್ತಾನೆ. ಆದುದರಿಂದ ಸ್ತನವನ್ನು ಮರಳಿ ರೂಪಿಸುವ ಶಸ್ತ್ರಚಿಕಿತ್ಸೆಯಿಂದ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದನ್ನು ದಂಪತಿಗಳಿಬ್ಬರೂ ಅರಿತಿರಬೇಕು.

ಈ ಚಿಕಿತ್ಸೆಯ ಒಂದು ವಿಧಾನದಲ್ಲಿ ಸಿಲಿಕೋನಿನ ಚೀಲವೊಂದನ್ನು ಎದೆಯ ಚರ್ಮದ ಅಥವಾ ಸ್ನಾಯುವಿನ ಅಡಿಯಲ್ಲಿ ಇಡುತ್ತಾರೆ. ಲೋಳೆ ತುಂಬಿದ ಇಂತಹ ಚೀಲವನ್ನು ಮೊದಲು ಅಳವಡಿಸಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್ ನಗರದಲ್ಲಿ. ಉಪ್ಪುನೀರು ತುಂಬಿದ ಚೀಲಗಳೂ ಉಂಟು.

ಚೀಲದ ಗಾತ್ರವನ್ನು ಮಿಲಿಲೀಟರುಗಳಲ್ಲಿ ಹೇಳುತ್ತಾರೆ. ಲೋಳೆಯೂ ಉಪ್ಪುನೀರೂ ಹೆಚ್ಚುಕಡಿಮೆ ನೀರಿನಷ್ಟೇ ಭಾರವಾದುದರಿಂದ ತೂಕದ ಲೆಕ್ಕ ಸುಲಭ: 250 ಮಿಲಿಲೀಟರಿನ ಚೀಲ ಸುಮಾರು ಕಾಲು ಕಿಲೋ, 500 ಮಿಲಿಲೀಟರಿನದು ಅರ್ಧ ಕಿಲೋ. ತಲೆಯ ಮೇಲೆ ಹುಲ್ಲಿನ ಹೊರೆ ಹೊರುವ ಹೆಣ್ಣುಮಗಳಿಗೆ ಇದೊಂದು ಭಾರವೇ ಎನಿಸಬಹುದು. ಆದರೆ ಹೊರೆಯನ್ನು ಸಂಜೆಗೆ ಇಳಿಸಬಹುದು, ಇದನ್ನು ಇಳಿಸುವಂತಿಲ್ಲ. ಚೀಲ ದೊಡ್ಡದಾದಷ್ಟೂ, ವರ್ಷಗಳು ಕಳೆದಂತೆ ಚರ್ಮ ತೆಳುವಾಗಿ ಜೋತುಬೀಳುವ ಸಂಭವ ಹೆಚ್ಚು. ಆದುದರಿಂದ ವೈದ್ಯರು ಎದೆಯ ಅಗಲ, ಉಳಿದಿರುವ ಚರ್ಮ, ಇನ್ನೊಂದು ಸ್ತನದ ಗಾತ್ರ ಇವುಗಳನ್ನು ನೋಡಿ ಅಳತೆಯನ್ನು ಗೊತ್ತುಮಾಡುತ್ತಾರೆ. ಚರ್ಮ ಸಾಲದಿದ್ದರೆ ಮೊದಲು ಬೇರೊಂದು ಚೀಲವನ್ನಿಟ್ಟು, ಕೆಲವು ವಾರಗಳ ಕಾಲ ಸ್ವಲ್ಪಸ್ವಲ್ಪವಾಗಿ ಉಪ್ಪುನೀರು ತುಂಬಿ ಚರ್ಮವನ್ನು ಹಿಗ್ಗಿಸುವುದುಂಟು.

ಇನ್ನು ಫಲದ ವಿಚಾರ. ಸೀರೆಯುಟ್ಟಾಗ ಎರಡೂ ಬದಿ ಸಮವಾಗಿ ಕಾಣಬಹುದು. ಆದರೆ ಸ್ತನವು ಮೊದಲಿನಂತೆಯೇ ಆಗುವುದಿಲ್ಲ. ಗಾಯದ ಗುರುತು ಉಳಿಯುತ್ತದೆ, ಸ್ಪರ್ಶಜ್ಞಾನ ಬಹುಮಟ್ಟಿಗೆ ಮರಳುವುದಿಲ್ಲ, ಆ ಬದಿಯಲ್ಲಿ ಹಾಲು ಬರುವುದಿಲ್ಲ. ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಚೀಲದ ಸುತ್ತ ಬೆಳೆಯುವ ಪೊರೆ ಬಿಗಿದು ನೋಯುವುದು ಹೆಚ್ಚು. ಉಪ್ಪುನೀರಿನ ಚೀಲ ಸೋರಿದರೆ ಸ್ತನ ಕುಗ್ಗಿ ತಿಳಿಯುತ್ತದೆ. ಲೋಳೆಯ ಚೀಲ ಹರಿದರೂ ಹೊರಗೆ ಕಾಣದಿರಬಹುದು, ಸ್ಕ್ಯಾನ್ ಮಾಡಿಸಿಯೇ ತಿಳಿಯಬೇಕು. ಚೀಲವು ಜೀವಮಾನವಿಡೀ ಬಾಳುವ ವಸ್ತುವೂ ಅಲ್ಲ. ಮುಂದೆ ಬದಲಿಸಬೇಕಾದೀತು, ಖರ್ಚಿನ ಲೆಕ್ಕದಲ್ಲಿ ಇದನ್ನು ಮರೆಯಬಾರದು. ಒರಟು ಮೇಲ್ಮೈಯ ಚೀಲಗಳ ಸುತ್ತ ಅಪರೂಪಕ್ಕೆ ಬೇರೊಂದು ಬಗೆಯ ಕ್ಯಾನ್ಸರ್ ಉಂಟಾಗುವುದು ಕಂಡುಬಂದು, 2019ರಲ್ಲಿ ಅಂತಹ ಕೆಲವನ್ನು ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ತಮಗೆ ಇಡುವ ಚೀಲ ನುಣುಪಿನದೋ ಒರಟಿನದೋ ಎಂದು ವೈದ್ಯರನ್ನು ಕೇಳಲು ಹಿಂಜರಿಯಬೇಡಿ. ಹೊಸದಾಗಿ ಬಾವು, ಗಂಟು ಕಂಡರೆ ತಡಮಾಡದೆ ತೋರಿಸಿ.

ಕ್ಯಾನ್ಸರ್ ಅಂಟುರೋಗವಲ್ಲ. ಗಾಯ ಮಾಯ್ದ ಮೇಲೆ ದಾಂಪತ್ಯ ಜೀವನಕ್ಕೆ ಅಡ್ಡಿಯಿಲ್ಲ. ಆದರೆ ಗರ್ಭನಿರೋಧಕ್ಕಾಗಿ ಹಾರ್ಮೋನಿನ ಗುಳಿಗೆ, ಚುಚ್ಚುಮದ್ದು ಬೇಡ; ನಿರೋಧ್ ಇಲ್ಲವೆ ತಾಮ್ರದ ವಂಕಿ ತಕ್ಕುದು.

ಇನ್ನೊಂದು ಶಸ್ತ್ರಚಿಕಿತ್ಸೆ ಬೇಡವೆನ್ನುವವರಿಗೆ ಹೊರಗಿನಿಂದ ಧರಿಸುವ ಕೃತಕ ಸ್ತನ ದೊರೆಯುತ್ತದೆ. ಹತ್ತಿ ತುಂಬಿದುದು ಅಗ್ಗ, ಹಗುರ, ಸೆಕೆಗಾಲಕ್ಕೆ ಹಿತ. ಆದರೆ ಮೇಲಕ್ಕೆ ಸರಿಯುತ್ತದೆ. ಇನ್ನೊಂದು ಸ್ತನ ಭಾರವಾಗಿದ್ದರೆ, ಅದಕ್ಕೆ ಸರಿತೂಗುವ ಸಿಲಿಕೋನಿನದೇ ಮೇಲು. ಒಳಕುಪ್ಪಸಕ್ಕೆ ಒಳಗಡೆ ಜೇಬೊಂದನ್ನು ಹೊಲಿಸಿಕೊಂಡರೆ, ಬಗ್ಗಿ ಕಳೆ ಕೀಳುವಾಗಲೂ ಅದು ಜಾರುವುದಿಲ್ಲ.